ಕೈ ಎತ್ತುವ ಮಗುವಿನ ಪಕ್ಕ

ಹೊಡೆಯುವ, ಕಚ್ಚುವ, ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯುವ ಮಗುವನ್ನು ಕಂಡಾಗ ಉಮರ್ಗಾ ಇರಲಿ, ನಿಲಂಗಾ ಇರಲಿ, ಉದಗೀರ ಇರಲಿ, ಹಿರಿಯರ ಬಾಯಿಗೆ ಮೊದಲು ಬರುವ ಪ್ರಶ್ನೆ ಒಂದೇ: ಇದನ್ನೆಲ್ಲ ಇವನು ಎಲ್ಲಿ ಕಲಿತ? ಮೊಬೈಲ್ ಅನ್ನುತ್ತಾರೆ, ಓಣಿಯ ಹುಡುಗರ ಸಹವಾಸ ಅನ್ನುತ್ತಾರೆ, ಕುಡಿದು ಬರುವ ಅಪ್ಪನ ಕಡೆ ಬೆರಳು ತೋರಿಸುತ್ತಾರೆ, ಯಾರದೋ ನದರು ತಾಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಈ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಕೆನಡಾದ ಮಾಂಟ್ರಿಯಲ್‌ನಲ್ಲಿ ರಿಚರ್ಡ್ ಟ್ರೆಂಬ್ಲೆ ಎಂಬ ವಿದ್ವಾಂಸರು ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡ ಸಂಗತಿ ಇದು: ಮನುಷ್ಯ ತನ್ನ ಆಯುಷ್ಯದಲ್ಲಿ ಅತಿ ಹೆಚ್ಚು ಸಲ ಕೈ ಮಾಡುವುದು ಹದಿನಾರನೆಯ ವಯಸ್ಸಿನಲ್ಲಲ್ಲ, ಎರಡರಿಂದ ನಾಲ್ಕು ವರ್ಷದೊಳಗೆ. ಅಂಗನವಾಡಿಯಲ್ಲಿ ಒಂದು ಗಂಟೆ ಕೂತವರಿಗೆ ಇದು ಸುಳ್ಳೆನಿಸುವುದಿಲ್ಲ. ಬಹುಪಾಲು ಮಕ್ಕಳು ಶಾಲೆಯ ಹೊಸ್ತಿಲು ದಾಟುವ ಹೊತ್ತಿಗೆ ಅದನ್ನು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಅಂದರೆ ಹೊಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ಹೊಡೆಯದೆ ಇರುವುದನ್ನು ಕಲಿಸಬೇಕು. ಮನೆಯ ಜಗಳ, ಹೊಡೆದಾಟ ನೋಡಿ ಮಕ್ಕಳು ಅನುಕರಿಸುತ್ತಾರೆ ಎಂಬುದೂ ನಿಜವೇ. ಆಲ್ಬರ್ಟ್ ಬಂಡೂರಾ 1961ರಲ್ಲಿ ಗಾಳಿ ತುಂಬಿದ ಬೊಂಬೆಯನ್ನಿಟ್ಟು ನಡೆಸಿದ ಪ್ರಯೋಗ ಅದನ್ನು ತೋರಿಸಿಕೊಟ್ಟಿದೆ. ಆದರೆ ನೋಡಿ ಕಲಿತದ್ದು ಹೊಡೆತದ ಬಗೆ ಮಾತ್ರ. ಕೋಪ ಬಂದಾಗ ಕೈ ತಡೆಯುವ ಶಕ್ತಿ ನೋಡಿದ್ದರಿಂದಷ್ಟೇ ಬರುವುದಿಲ್ಲ. ಅದು ಬರಬೇಕಾದರೆ ಮಗುವಿನ ಜೊತೆ ಸಾವಿರ ಸಲ ಕೋಪದಿಂದ ಶಾಂತಿಗೆ ನಡೆದುಬರುವ ಒಬ್ಬ ದೊಡ್ಡವರು ಬೇಕು. ಹಾಗಾಗಿ ಕೇಳಬೇಕಾದದ್ದು ಇದು: ಅದನ್ನು ಕಲಿಸಬೇಕಾಗಿದ್ದವರು ಯಾರು, ಅವರು ಮಗುವಿನ ಹತ್ತಿರ ಸಾಕಷ್ಟು ಕಾಲ ಉಳಿದರೇ?

ದೊಡ್ಡವರು ಉಳಿಯದೆ ಹೋದ ಕಥೆ ಮಹಾರಾಷ್ಟ್ರ, ಕರ್ನಾಟಕಗಳ ಈ ಗಡಿಗೆ ಹೊಸದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯ ಸುತ್ತ ನೆಲ ನಡುಗಿದಾಗ, ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಹಳ್ಳಿಗಳ ಮೇಲೆ ಕಲ್ಲುಮಣ್ಣಿನ ದಪ್ಪ ಗೋಡೆಗಳೂ ಮಾಳಿಗೆಯ ಭಾರವಾದ ಮಣ್ಣೂ ಕುಸಿದುಬಿದ್ದವು. ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರವೂ ಅವುಗಳಲ್ಲೊಂದು. ಸತ್ತವರು ಸುಮಾರು 8,000. ಐವತ್ತಕ್ಕೂ ಹೆಚ್ಚು ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಉಳಿದ ಮಕ್ಕಳ ಕೈ ಹಿಡಿಯಲು ಎರಡು ಬಗೆಯ ಯತ್ನಗಳಾದವು. ಭಾರತೀಯ ಜೈನ ಸಂಘಟನೆಯ ಶಾಂತಿಲಾಲ ಮುಥಾ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಲು ನಿಂತರು. ಸಮಾಜವಾದಿ ನಾಯಕ ಪನ್ನಾಲಾಲ ಸುರಾಣಾ ನಳದುರ್ಗದ ಬಳಿ ‘ಆಪಲಂ ಘರ’ವನ್ನು ಕಟ್ಟಿದರು. ಒಂದು ಕಡೆ ದೂರದ ನಗರದ ಶಾಲೆ, ಇನ್ನೊಂದು ಕಡೆ ತಮ್ಮದೇ ಸೀಮೆಯ ನೆಲ. ಎರಡೂ ದೊಡ್ಡ ಮನಸ್ಸಿನ ಕೆಲಸಗಳು. ಇಂಥ ಮನೆಗಳಲ್ಲಿ ಮಗುವಿನ ಭವಿಷ್ಯವನ್ನು ತೀರ್ಮಾನಿಸುವುದು ಕಟ್ಟಡವೂ ಅಲ್ಲ, ಊರೂ ಅಲ್ಲ, ರಾತ್ರಿ ಬೆಚ್ಚಿಬಿದ್ದಾಗ ಬರುವ ಮುಖ ನಿನ್ನೆಯದೇ ಮುಖವೇ ಎಂಬುದು. ರುಮೇನಿಯಾದ ಬುಖಾರೆಸ್ಟ್‌ನಲ್ಲಿ ನಡೆದ ಅಧ್ಯಯನವೊಂದು ಈ ಮಾತಿಗೆ ಬಲ ಕೊಡುತ್ತದೆ. ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕು ಕುಟುಂಬಗಳಿಗೆ ಕೊಟ್ಟರು. ನಾಲ್ಕೂವರೆ ವರ್ಷದ ಹೊತ್ತಿಗೆ ಅವರ ಭಯ, ದುಗುಡ ಇಳಿದಿತ್ತು. ಹಟ, ಹೊಡೆದಾಟ ಮಾತ್ರ ಇಳಿದಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಪ್ರೀತಿಯಿಂದ ಪ್ರಯೋಜನವಿಲ್ಲ ಎಂದು ಬರೆದುಬಿಡಬಹುದಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಮತ್ತೆ ನೋಡಿದಾಗ ಅದೂ ಇಳಿದಿತ್ತು, ಮೊದಲು ಸೇರಿದ ಮನೆಯಲ್ಲೇ ಉಳಿದವರಲ್ಲಿ ಇನ್ನೂ ಸ್ಪಷ್ಟವಾಗಿ ಇಳಿದಿತ್ತು. ನಮ್ಮ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ಹೊಡೆಯುವ ಕೈ ಕೊನೆಗೆ ತಣಿಯುತ್ತದೆ, ಆದರೆ ತೀರ ತಡವಾಗಿ, ಅದೂ ದೊಡ್ಡವರು ಬದಲಾಗದಿದ್ದರೆ.

ಹೀಗೆ ಬದಲಾಗದೆ ಮಗುವಿನ ಪಕ್ಕ ಉಳಿಯುವುದಕ್ಕೆ ಚಿಕಿತ್ಸಕ ಪಾಲನೆ ಎನ್ನುತ್ತಾರೆ. ಆ ಭಾರವಾದ ಹೆಸರಿನ ಒಳಗೆ ಇರುವುದು ದಿನದಿನದ ಸಣ್ಣ ಕೆಲಸ. ಎಂಟು ವರ್ಷದ ಹುಡುಗ ತಂಗಿಯ ಮೇಲೆ ಹಿತ್ತಾಳೆಯ ತಂಬಿಗೆ ಬೀಸಿದ ಅಂತಿಟ್ಟುಕೊಳ್ಳಿ. ಮೊದಲ ಕೆಲಸ ತಂಗಿಯನ್ನು ಎತ್ತಿ ಆಚೆ ಕಳಿಸುವುದು, ಇಳಿಗೆ, ಕುಡಗೋಲು, ಒನಕೆ ಕೈಗೆಟುಕದಂತೆ ಸರಿಸುವುದು. ಆಮೇಲೆ ಅವನೆದುರು ನಿಂತು ಅಬ್ಬರಿಸದೆ, ಅವನಿಗಿಂತ ಕೆಳಗೆ, ಒಂದು ಮಾರು ದೂರದಲ್ಲಿ, ಬಾಗಿಲಿಗೆ ಅಡ್ಡವಾಗದಂತೆ ಕೂಡುವುದು. ಮಾತು ಎರಡು ಅಥವಾ ಮೂರು: ಹೊಡಿಯೂದು ಬ್ಯಾಡ, ನಾ ಇಲ್ಲೇ ಅದೀನಿ. ಯಾಕೆ ಹೊಡೆದೆ ಎಂದು ಆಗ ಕೇಳಬಾರದು. ಏದುಸಿರು ಬಿಡುತ್ತಿರುವ, ಎದೆ ಡವಡವ ಹೊಡೆದುಕೊಳ್ಳುತ್ತಿರುವ ಮಗುವಿನ ಬಳಿ ಆ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ, ಉತ್ತರ ಕೇಳಿದಷ್ಟೂ ಮತ್ತೊಂದು ಪಾತ್ರೆ ಹಾರುತ್ತದೆ. ಉಸಿರು ತಗ್ಗಿದ ಮೇಲೆ ನೀರು ಕೊಡಬೇಕು. ಊಟ ಯಾವ ಕಾರಣಕ್ಕೂ ತಪ್ಪಿಸಬಾರದು. ಲೆಕ್ಕ ಮುಗಿಸುವುದು ಸಂಜೆಗೆ ಅಥವಾ ಮರುದಿನಕ್ಕೆ, ಇಬ್ಬರೂ ತಣ್ಣಗಿರುವಾಗ. ತಂಗಿಯ ಹಣೆಗೆ ಎಣ್ಣೆ ಹಚ್ಚುವುದು, ಗಡಿಗೆ ಒಡೆದಿದ್ದರೆ ಹೊಸದನ್ನು ಅಜ್ಜಿಯ ಜೊತೆ ಹೋಗಿ ತರುವುದು, ಇಂಥದ್ದೊಂದನ್ನು ಅವನ ಕೈಯಿಂದಲೇ ಮಾಡಿಸಬೇಕು. ಹೊಡೆದ ಕೈಗೇ ಸರಿಪಡಿಸುವ ಕೆಲಸ ಸಿಗಬೇಕು. ಇಷ್ಟನ್ನು ಮಾಡಲು ದೊಡ್ಡವರಿಗೆ ಬೇಕಾಗುವ ಸಂಯಮ ಸಣ್ಣದಲ್ಲ. ಈ ಪದ್ಧತಿಯಲ್ಲಿ ಮೊದಲು ಪಳಗಬೇಕಾದವರು ದೊಡ್ಡವರು ಎಂಬುದನ್ನು ಪುಸ್ತಕಗಳು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಕೋಲಿನದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ; ನಾವೆಲ್ಲ ಹೊಡೆತ ತಿಂದೇ ಬೆಳೆದಿದ್ದೇವೆ, ಏನಾಯಿತು ಎನ್ನುತ್ತಾರೆ. ಹೊಡೆತ ತಿಂದವರೆಲ್ಲ ಕೆಡುವುದಿಲ್ಲ, ಒಪ್ಪೋಣ. ಅವರು ಕೆಡದೆ ಉಳಿದದ್ದು ಹೊಡೆತದಿಂದಲೋ, ಹೊಡೆದ ಮೇಲೆ ರಾತ್ರಿ ತಲೆ ಸವರಿ ಉಣಿಸಿದ ಅವ್ವನಿಂದಲೋ ಎಂಬುದನ್ನು ಕೇಳಿಕೊಳ್ಳಬೇಕು. ಎಲಿಜಬೆತ್ ಗೆರ್ಷಾಫ್ ಮತ್ತು ಆಂಡ್ರ್ಯೂ ಗ್ರೋಗನ್‌ಕೇಲರ್ 2016ರಲ್ಲಿ 1,60,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೊಡೆತಕ್ಕೂ ಹೆಚ್ಚಿದ ಆಕ್ರಮಣಶೀಲತೆಗೂ ನಂಟು ಕಂಡಿತು, ಒಳ್ಳೆಯ ನಡತೆಗೆ ಕಾಣಲಿಲ್ಲ. ತುಂಟ ಮಕ್ಕಳಿಗೇ ಹೆಚ್ಚು ಹೊಡೆತ ಬೀಳುವುದರಿಂದ ಹಾಗೆ ಕಾಣಬಹುದಲ್ಲ ಎಂಬುದು ನ್ಯಾಯವಾದ ತಕರಾರು. ಆದರೆ ಮಗು ಮೊದಲೇ ಎಷ್ಟು ಹಟಮಾರಿಯಾಗಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿದು ವರ್ಷಗಳುದ್ದಕ್ಕೂ ನಡೆಸಿದ ಅಧ್ಯಯನಗಳಲ್ಲೂ ಆ ನಂಟು ಪೂರ್ತಿ ಅಳಿಸಿಹೋಗುವುದಿಲ್ಲ. ಯಾಕೆ ಎಂಬುದನ್ನು ಅಮೆರಿಕದ ಆರೆಗಾನ್‌ನಲ್ಲಿ ಮನೆಮನೆಗೆ ಹೋಗಿ ಕೂತು ನೋಡಿದ ಜೆರಾಲ್ಡ್ ಪ್ಯಾಟರ್ಸನ್ ವಿವರಿಸಿದ್ದಾರೆ. ಅಪ್ಪ ಗದರುತ್ತಾನೆ, ಮಗ ಜೋರು ಕಿರುಚುತ್ತಾನೆ, ಅಪ್ಪ ಕೈ ಎತ್ತುತ್ತಾನೆ, ಮಗ ವಸ್ತು ಒಗೆಯುತ್ತಾನೆ, ಕೊನೆಗೆ ಯಾರು ಹೆಚ್ಚು ಏರಿದರೋ ಅವರಿಗೆ ಎದುರಿನವರು ಮಣಿಯುತ್ತಾರೆ. ಇಬ್ಬರೂ ಕಲಿಯುವ ಪಾಠ ಒಂದೇ: ಇನ್ನಷ್ಟು ಏರಿದರೆ ಗೆಲ್ಲಬಹುದು. ಹದಿನಾಲ್ಕು ತುಂಬುವ ಹೊತ್ತಿಗೆ ಮಗನ ತೋಳು ಅಪ್ಪನದಕ್ಕಿಂತ ಬಲವಾಗುತ್ತದೆ, ಪಾಠ ಮಾತ್ರ ಹಾಗೇ ಇರುತ್ತದೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯೊಳಗೆ ಕೋಲು ಕೆಳಗಿಡಿಸುವುದು ಕಾಯ್ದೆಯಿಂದ ಆಗುವ ಕೆಲಸವಲ್ಲ, ಕೋಲು ಕೆಲಸಕ್ಕೆ ಬಾರದು ಎಂದು ಮನವರಿಕೆಯಾದಾಗಲೇ ಆಗಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಹೊಡೆಸಿಕೊಂಡ ತಂಗಿಯ ಗತಿ ಏನು? ಹೊಡೆದವನ ಪಕ್ಕ ಕೂತು ಸಮಾಧಾನ ಮಾಡುವ ಮನೆ ಅವಳಿಗೆ ಅನ್ಯಾಯ ಮಾಡುತ್ತಿಲ್ಲವೇ? ಮಾಡುವ ಸಾಧ್ಯತೆ ಖಂಡಿತ ಇದೆ. ಈ ವಿಷಯದಲ್ಲಿ ನಾನು ರಾಜಿಯಾಗಲಾರೆ. ಮಗುವಿನ ಸಿಟ್ಟನ್ನು ಒಪ್ಪಿಕೊಳ್ಳಬಹುದು, ಪೆಟ್ಟನ್ನು ಒಪ್ಪಿಕೊಳ್ಳುವ ಹಾಗಿಲ್ಲ. ಅವ್ವನ ಮೇಲೆ ಬಿದ್ದ ಪೆಟ್ಟನ್ನು ಹುಡುಗು ಬುದ್ಧಿ ಎಂದು ಮುಚ್ಚಿಡುವ ಮನೆಗಳಲ್ಲಿ ಚಿಕಿತ್ಸೆಯೂ ಇಲ್ಲ, ಪಾಲನೆಯೂ ಇಲ್ಲ. ಇಸ್ರೇಲಿನ ಹೈಮ್ ಓಮರ್ ಇಂಥ ತಂದೆತಾಯಂದಿರಿಗಾಗಿ ರೂಪಿಸಿದ ದಾರಿ ಗಾಂಧೀಜಿಯ ಅಹಿಂಸಾತ್ಮಕ ಪ್ರತಿರೋಧದಿಂದ ಪ್ರೇರಣೆ ಪಡೆದದ್ದು. ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಹಿಂದೆ ಸರಿಯುವುದೂ ಇಲ್ಲ ಎಂದು ತಂದೆತಾಯಿ ಮಗುವಿಗೆ ಶಾಂತವಾಗಿ ತಿಳಿಸುತ್ತಾರೆ, ಮುಚ್ಚಿಡುವುದನ್ನು ಬಿಡುತ್ತಾರೆ. ಕಾಕಾ, ಮಾಮಾ, ಪಕ್ಕದ ಮನೆಯವರು, ಶಾಲೆಯ ಗುರೂಜಿ, ಇಂಥ ಹತ್ತು ಜನರನ್ನು ಕೂಡಿಸಿ ಆದದ್ದನ್ನು ಹೇಳುತ್ತಾರೆ. ಮರುದಿನ ಮಾಮಾ ಬಂದು, ನಿನ್ನೆ ತಂಗಿಗೆ ಪೆಟ್ಟಾಯಿತಂತೆ, ಗೊತ್ತಾಯಿತು, ಅದು ನಿಲ್ಲಬೇಕು, ನೀನು ನಮ್ಮವನೇ ಅನ್ನುತ್ತಾನೆ. ದೊಡ್ಡ ಬಂಧುಬಳಗ ಇನ್ನೂ ಉಳಿದಿರುವ ಈ ಗಡಿಯ ಹಳ್ಳಿಗಳಲ್ಲಿ ಈ ಕೂಟವನ್ನು ಕಟ್ಟುವುದು ದೊಡ್ಡ ನಗರದ ಫ್ಲ್ಯಾಟಿಗಿಂತ ಸುಲಭ. ಅಡ್ಡಿಯಾಗುವುದು ನಾಚಿಕೆ ಮಾತ್ರ.

ಎಲ್ಲ ಹೊಡೆತದ ಹಿಂದೆಯೂ ಒಂದೇ ಕಾರಣವಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಕಿವಿ ಮಂದವಿರುವ, ಮೂರ್ಛೆ ಬರುವ, ಆಟಿಸಂ ಇರುವ, ಬುದ್ಧಿ ನಿಧಾನ ಬೆಳೆಯುವ ಮಗು ತನ್ನ ಸಂಕಟವನ್ನು ಕೈಯಿಂದ ಹೇಳುತ್ತಿರಬಹುದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ ಇರುವ ಕಡೆ, ಮಾತು ತಡವಾಗಿ ಬಂದ ಮಗು ತರಗತಿಯಲ್ಲಿ ತನ್ನ ದೂರನ್ನು ಸಕಾಲಕ್ಕೆ ಹೇಳಲಾರದೆ ಹೋಗುತ್ತದೆ. ಅದು ಮರಾಠಿಯಲ್ಲಿ ವಾಕ್ಯ ಹೊಂದಿಸುವುದರೊಳಗೆ ಎದುರಿನ ಹುಡುಗ ತನ್ನ ಮಾತು ಮುಗಿಸಿರುತ್ತಾನೆ, ಗುರೂಜಿ ತೀರ್ಪನ್ನೂ ಕೊಟ್ಟಿರುತ್ತಾರೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬರುತ್ತವೆ. ಹಲ್ಲು, ಕಣ್ಣು ತೋರಿಸುವಾಗ ಮಗು ಕೈ ಮಾಡುವ ಮಾತನ್ನೂ ಅವರ ಮುಂದೆ ಬಿಚ್ಚಿಡಬೇಕು. ಲಾತೂರ, ಬೀದರಗಳಲ್ಲಿ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಸಲಹೆಗೆ ದುಡ್ಡು ಕೊಡಬೇಕಾಗಿಲ್ಲ. ತಾಯತ ಕಟ್ಟಿದ ಮೇಲೂ ಆಸ್ಪತ್ರೆಗೆ ಹೋಗಬಹುದು, ಒಂದಕ್ಕೆ ಇನ್ನೊಂದು ಅಡ್ಡಿಯಲ್ಲ.

ಕೊನೆಯ ಆಕ್ಷೇಪಕ್ಕೆ ಉತ್ತರ ಹೇಳುವುದು ನನಗೆ ಅತ್ಯಂತ ಕಷ್ಟ: ಇದೆಲ್ಲ ಹೊತ್ತು ಇರುವವರ ಮಾತು, ಹೊಟ್ಟೆಪಾಡಿಗೆ ಊರು ಬಿಡುವವರು ಮಗುವಿನ ಪಕ್ಕ ಯಾವಾಗ ಕೂಡಬೇಕು? ದೀಪಾವಳಿಯ ಆಸುಪಾಸಿಗೆ ಮರಾಠವಾಡದ ಹಳ್ಳಿ, ತಾಂಡಾಗಳಿಂದ ಕಬ್ಬು ಕಡಿಯುವವರು ಪಶ್ಚಿಮ ಮಹಾರಾಷ್ಟ್ರದ ಮತ್ತು ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಕಡೆ ಹೊರಡುತ್ತಾರೆ. ಬೀಡ ಜಿಲ್ಲೆಯಷ್ಟಲ್ಲದಿದ್ದರೂ ಲಾತೂರ, ಧಾರಾಶಿವಗಳಿಂದಲೂ ಹೋಗುತ್ತಾರೆ. ಕೂಲಿಕಾರರನ್ನು ಕೂಡಿಸುವ ಮುಕಾದಮ ಮುಂಗಡ ಕೊಡುವುದು ಗಂಡಹೆಂಡತಿಯ ಜೋಡಿಗೆ. ಒಂದು ದಿನ ತಪ್ಪಿದರೆ ಅದಕ್ಕೂ ದಂಡ ಬೀಳುತ್ತದೆ. ಮಕ್ಕಳು ಒಂದೋ ಕಬ್ಬಿನ ಹೊಲದ ಬದುವಿಗೆ ಹೋಗಬೇಕು, ಇಲ್ಲವೇ ಮುತ್ಯಾ, ಆಯಿಯ ಹತ್ತಿರ ಅಥವಾ ಹಂಗಾಮಿ ವಸತಿಗೃಹದಲ್ಲಿ ಉಳಿಯಬೇಕು. ಈ ತಾಯಿಗೆ ಪಾಲನೆಯ ಪಾಠ ಹೇಳುವ ಮೊದಲು ಅವಳ ಸಾಲದ ಮಾತಾಡಬೇಕು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಸಾಲ ತೀರುವವರೆಗೆ ಮಗು ಬೆಳೆಯದೆ ನಿಲ್ಲುವುದಿಲ್ಲ. ಬಿಟ್ಟುಹೋಗುವುದು ಅನಿವಾರ್ಯವಾದರೆ ಹೇಗೆ ಬಿಟ್ಟುಹೋಗುತ್ತೇವೆ, ಹೇಗೆ ಮರಳುತ್ತೇವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಅಗಲಿಕೆಯನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಜಾನ್ ಬೌಲ್ಬಿ, ಮಗುವಿನ ಸಿಟ್ಟು ಅಗಲಿಕೆಯ ನೋವಿನದೇ ಇನ್ನೊಂದು ರೂಪ ಎಂದು ತೋರಿಸಿದರು. ಬಿಟ್ಟುಹೋದವರು ಮರಳಿ ಬಂದಾಗಲೇ ಅದು ಜೋರಾಗಿ ಹೊರಬೀಳುತ್ತದೆ. ಆರು ತಿಂಗಳ ಮೇಲೆ ಬಂದ ಅವ್ವನನ್ನು ಮಗ ಒದೆಯುತ್ತಾನೆ, ತಂದ ಅಂಗಿಯನ್ನು ಅಂಗಳಕ್ಕೆ ಒಗೆಯುತ್ತಾನೆ. ನಿನ್ನ ಸಲುವಾಗಿಯೇ ದುಡಿದು ಸತ್ತೆ ಎಂದು ಅವ್ವ ಅಳುತ್ತಾಳೆ, ಅಪ್ಪ ಬೆಲ್ಟಿಗೆ ಕೈ ಹಾಕುತ್ತಾನೆ. ಆ ಮಗು ಹೇಳುತ್ತಿರುವುದು ನೀನು ಬೇಡ ಎಂದಲ್ಲ, ಇನ್ನೊಮ್ಮೆ ಹೋಗಬೇಡ ಎಂದು. ಆಸೆ ಬಿಟ್ಟ ಮಗು ಒದೆಯುವುದಿಲ್ಲ, ಸುಮ್ಮನೆ ಅಪರಿಚಿತರನ್ನು ನೋಡಿದಂತೆ ನೋಡುತ್ತದೆ. ಅದು ಹೆಚ್ಚು ಹೆದರಬೇಕಾದ ಸ್ಥಿತಿ.

ಹಾಗಾಗಿ ಗಡಿಯ ಈ ತಾಲೂಕುಗಳಲ್ಲಿ ಪಾಲನೆಯ ಮಾತಾಡುವವರು ಮೊದಲು ಹಿಡಿಯಬೇಕಾದದ್ದು ಹಂಗಾಮಿನ ಎರಡು ತುದಿಗಳನ್ನು. ಮಗು ಮಲಗಿದ್ದಾಗ ಕದ್ದು ಟ್ರ್ಯಾಕ್ಟರ್ ಹತ್ತುವುದು ಬೇಡ. ಅತ್ತರೂ ಸರಿ, ಹೇಳಿ ಹೋಗಲಿ, ಯಾವ ಹಬ್ಬದ ಹೊತ್ತಿಗೆ ಬರುತ್ತೇವೆಂದು ಹೇಳಲಿ. ಫೋನ್ ವಾರಕ್ಕೊಮ್ಮೆಯಾದರೂ ಅದೇ ದಿನ, ಅದೇ ಹೊತ್ತಿಗೆ ಬರಲಿ. ವಸತಿಗೃಹ ನಡೆಸುವವರು ಮಕ್ಕಳ ತಲೆ ಎಣಿಸಿ ಅನ್ನ ಹಾಕಿದರೆ ಮುಗಿಯಲಿಲ್ಲ. ಆ ಐದಾರು ತಿಂಗಳು ಮಕ್ಕಳ ಹತ್ತಿರ ಮಲಗುವವರು, ಬಡಿಸುವವರು ಬದಲಾಗದಂತೆ ನೋಡಿಕೊಳ್ಳುವುದು ಅವರ ಮೊದಲ ಹೊಣೆ. ಜಿಲ್ಲಾ ಪರಿಷತ್ತು ಇದನ್ನು ನಿಯಮವಾಗಿ ಬರೆದಿಟ್ಟರೆ ಹೆಚ್ಚಿನ ಖರ್ಚೂ ಬರುವುದಿಲ್ಲ. ಇನ್ನು ತಂದೆತಾಯಿ ಮರಳಿದ ಮೇಲಿನ ಮೊದಲ ವಾರಗಳಲ್ಲಿ ಮಗುವನ್ನು ಆಯಿಯ ಹಾಸಿಗೆಯಿಂದ ಒಮ್ಮೆಲೇ ಎಬ್ಬಿಸಿ ತರಬಾರದು. ಆರು ತಿಂಗಳು ಜೊತೆಗಿದ್ದವಳನ್ನೂ ಕಳೆದುಕೊಂಡರೆ ಅದಕ್ಕೆ ಅದೇ ವರ್ಷದ ಎರಡನೆಯ ಅಗಲಿಕೆ. ಅವ್ವ ಅದೇ ಮನೆಗೆ ಹೋಗಿ, ಆಯಿಯ ಪಕ್ಕದಲ್ಲೇ ಕೂತು, ಒದ್ದರೂ ಸ್ವಲ್ಪ ಸರಿದು ಅಲ್ಲೇ ಇರಬೇಕು.