ನೀರು ಬಂದಾವೇನ್ರೀ?

ಹುಬ್ಬಳ್ಳಿ ಬೆಳೆದ ಬಗೆಯನ್ನು ಮಕ್ಕಳಿಗೆ ಹೇಳುವಾಗ ನಾನೂ ಎಲ್ಲರಂತೆ ಹತ್ತಿಯಿಂದಲೇ ಶುರುಮಾಡುತ್ತೇನೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅರಳೆ ಬರುವುದು ಕಡಿಮೆಯಾಗಿ, ಧಾರವಾಡ ಸೀಮೆಯ ಎರೆಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. 1880ರ ದಶಕದಲ್ಲಿ ರೈಲು ಬಂತು, ಅದರ ಬೆನ್ನಿಗೇ ರೈಲ್ವೆ ವರ್ಕ್‌ಶಾಪು. ಸುತ್ತಲ ಹಳ್ಳಿಗಳ ಜನ ಕೂಲಿಗೆ, ವ್ಯಾಪಾರಕ್ಕೆ ಎಂದು ಬಂದು ನೆಲೆನಿಂತರು.

ಇದೆಲ್ಲ ಪುಸ್ತಕದ ಮಾತು. ನಮ್ಮ ಓಣಿಯ ಹೆಂಗಸರನ್ನು ಊರು ಹೇಗೆ ಬೆಳೆಯಿತೆಂದು ಕೇಳಿ ನೋಡಿ. ಹತ್ತಿಯ ಮಾತೆತ್ತುವುದಿಲ್ಲ, ನಳದ ಮಾತೆತ್ತುತ್ತಾರೆ.

ದೊಡ್ಡ ಊರುಗಳು ಹೊಳೆದಂಡೆಯಲ್ಲಿ ಹುಟ್ಟುತ್ತವೆ ಎಂದು ಪಾಠದಲ್ಲಿದೆ. ಹುಬ್ಬಳ್ಳಿಗೆ ಅಂಥ ಹೊಳೆ ಇಲ್ಲ. ಧಾರವಾಡದ ಸೋಮೇಶ್ವರದ ಬಳಿ ಶಾಲ್ಮಲೆ ಹುಟ್ಟುತ್ತಾಳೆ, ನಿಜ. ಆದರೆ ಹುಟ್ಟಿದ ಮಗಳು ತವರಿನಲ್ಲಿ ನಿಲ್ಲುತ್ತಾಳೆಯೇ? ಪಡುವಣದ ಕಾಡು ಹಿಡಿದು ನಡೆದುಬಿಡುತ್ತಾಳೆ. ಹೀಗಾಗಿ ಇಲ್ಲಿ ಬಾವಿ, ಕೆರೆಗಳೇ ಗತಿ: ಹುಬ್ಬಳ್ಳಿಗೆ ಉಣಕಲ್ಲ ಕೆರೆ, ಧಾರವಾಡಕ್ಕೆ ಕೆಲಗೇರಿ ಕೆರೆ. ಅವು ಸಾಲದಾದಾಗ 1955ರಲ್ಲಿ ಬೇಡ್ತಿ ಹಳ್ಳಕ್ಕೆ ಅಡ್ಡಗಟ್ಟಿ ನೀರಸಾಗರ ಮಾಡಿದರು. 1962ರಲ್ಲಿ ಎರಡೂ ಊರು ಕೂಡಿಸಿ ಒಂದು ಮಹಾನಗರಪಾಲಿಕೆ ಆಯಿತು. ನಡುವಿನ ಇಪ್ಪತ್ತು ಕಿಲೋಮೀಟರಿನಲ್ಲಿ ಬಡಾವಣೆಗಳು ಎದ್ದವು, ನೀರಸಾಗರವೂ ಸಾಲದಾಯಿತು. ಆಮೇಲೆ ಸವದತ್ತಿಯ ಮಲಪ್ರಭೆಯಿಂದ ನೀರು ತಂದರು. ನಾವು ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತೇವೆ, ಎಲ್ಲಮ್ಮನ ಸೀಮೆಯ ನೀರು ನಮ್ಮ ಅಡಿಗೆಮನೆಗೆ ಬರುತ್ತದೆ! 2011ರ ಜನಗಣತಿಯ ಹೊತ್ತಿಗೆ ಅವಳಿನಗರದಲ್ಲಿ ಒಂಬತ್ತು ಲಕ್ಷ ಮೀರಿ ಜನ.

ಇಷ್ಟು ಜನಕ್ಕೆ ನೀರು ಹಂಚುವುದೆಂದರೆ ಪಾಳಿ ಹಚ್ಚಲೇಬೇಕು. ಎಷ್ಟೋ ವರ್ಷ ನಾಲ್ಕು ದಿನಕ್ಕೊಮ್ಮೆ, ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎಂಟು ದಿನಕ್ಕೂ ಒಮ್ಮೆ ನೀರು ಬಂದದ್ದುಂಟು. ಬಾಡಿಗೆ ಮನೆ ನೋಡಲು ಹೋದವರು ಗಾಳಿ ಬೆಳಕು ಕೇಳುವ ಮೊದಲು ನೀರಿನ ಪಾಳಿ ಕೇಳುತ್ತಿದ್ದರು. ಸೀಮಂತ, ಗೃಹಪ್ರವೇಶಗಳಿಗೆ ಪಂಚಾಂಗದ ಜೊತೆ ನಳದ ವಾರವನ್ನೂ ಹೊಂದಿಸಬೇಕಿತ್ತು. ಗಚ್ಚಿನ ಮೇಲೆ ಸಿಂಟೆಕ್ಸು, ಅಂಗಳದಡಿ ಟಾಕಿ, ಮೆಟ್ಟಿಲಿಗೊಂದು ಕೊಡ. ಬೆಳಗಾದರೆ ಗೋಡೆಯಾಚೆಯಿಂದ ಒಂದೇ ಕೂಗು, “ನೀರು ಬಂದಾವೇನ್ರೀ?” ನಮ್ಮ ಕಡೆ ನೀರಿಗೆ ಬಹುವಚನ. ಅಷ್ಟು ಕಾಯಿಸುವವರಿಗೆ ಅಷ್ಟಾದರೂ ಮರ್ಯಾದೆ ಬೇಡವೇ!

ನನಗೆ ಇದರ ಲೆಕ್ಕ ಸಿಕ್ಕಿದ್ದು ಹಾಜರಿ ಪುಸ್ತಕದಲ್ಲಿ. ಇವತ್ತು ಯಾವ ಓಣಿಗೆ ನೀರು ಎಂಬುದು ಖಾಲಿ ಬೆಂಚು ನೋಡಿದರೆ ತಿಳಿಯುತ್ತಿತ್ತು. ಎರಡನೆಯ ಪೀರಿಯಡ್ಡಿನ ನಡುವೆ ಲಂಗದ ಅಂಚು ಒದ್ದೆಯಾದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, “ಅಕ್ಕೋರ, ನಮ್ಮ ಓಣ್ಯಾಗ ನೀರು ಬಂದಿದ್ವುರೀ” ಎನ್ನುತ್ತಿದ್ದಳು. ಅದೇ ಓಣಿಯ ಹುಡುಗರು ಪ್ರಾರ್ಥನೆಗೇ ಬಂದು ಕೂತಿರುತ್ತಿದ್ದರು. ಒಮ್ಮೆ ಅವಳ ಅಣ್ಣನನ್ನೇ ಕೇಳಿದೆ, “ನೀನ್ಯಾಕ ತುಂಬಲಿಲ್ಲೋ?” ಇಡೀ ತರಗತಿ ನಕ್ಕಿತು, ಹುಡುಗಿಯರೂ ನಕ್ಕರು. ಆ ನಗು ನನಗೆ ಸೇರಲಿಲ್ಲ. ಗಣಿತದ ಪೀರಿಯಡ್ಡು ಮೊದಲನೆಯದು. ತಿಂಗಳಿಗೆ ಐದಾರು ಸಲ ಅದು ತಪ್ಪಿದವಳು ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ಫೇಲಾದರೆ, ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲ ಎಂದು ಮನೆಯಲ್ಲಿ ಓದು ಬಿಡಿಸುತ್ತಿದ್ದರು.

2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ಹೊಸ ಪೈಪು ಹಾಕಿ ದಿನದ ಇಪ್ಪತ್ನಾಲ್ಕು ತಾಸೂ ನೀರು ಬಿಟ್ಟರು. ಮೀಟರು ಬಂತು, ಬಿಲ್ಲಿನ ಬಗ್ಗೆ ಗೊಣಗಾಟವೂ ಬಂತು. ಆದರೆ ಆ ಕಡೆಯ ಹುಡುಗಿಯರು ಪ್ರಾರ್ಥನೆಯ ಸಾಲಿನಲ್ಲಿ ಕಾಣತೊಡಗಿದರು.

ಅಂಥ ಓಣಿಯಲ್ಲಿರುವ ನನ್ನ ಗೆಳತಿಯ ಮನೆಗೆ ಹೋದಾಗ ನೋಡಿದೆ, ಬಚ್ಚಲಲ್ಲಿ ಎರಡು ಡ್ರಮ್ಮು ತುಂಬಿಟ್ಟಿದ್ದಳು. “ಈಗ್ಯಾಕವ್ವಾ ಇವು?” ಎಂದೆ.

“ಇರ್ಲಿ ಬಿಡ,” ಎಂದು ಮುಚ್ಚಳ ಸರಿಮಾಡಿದಳು.