ಹಳೆಯ ಕಂಪ್ಯೂಟರಿನಲ್ಲಿ ಜೂಲಿಯಾ

ಮಳೆಯ ಲೆಕ್ಕದ ಪ್ರಾಜೆಕ್ಟಿಗೆ ಮಗಳಿಗೊಂದು ಗಣಕ ಭಾಷೆ ಬೇಕಿತ್ತು. ಹಣ ಕೊಟ್ಟು ಕೊಳ್ಳುವ ತಂತ್ರಾಂಶ ನಮ್ಮ ಕೈಗೆಟುಕುವಂತಿರಲಿಲ್ಲ. ಜೂಲಿಯಾವನ್ನು ಆರಿಸಿಕೊಂಡೆವು. 2012ರಲ್ಲಿ ಬಿಡುಗಡೆಯಾದ ಈ ಭಾಷೆಯನ್ನು ರೂಪಿಸಿದ ನಾಲ್ವರಲ್ಲಿ ಭಾರತದ ವಿರಲ್ ಶಾ ಒಬ್ಬರು. ಇದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು.

ಮೊದಲು 'ಜೂಲಿಯಾಅಪ್' ಇಳಿಸಿಕೊಂಡೆವು. ಭಾಷೆಯನ್ನು ಅದೇ ತಂದು ಕೂರಿಸಿತು. ಬಳಿಕ ಗ್ರಾಫ್ ಬಿಡಿಸುವ 'ಪ್ಲಾಟ್ಸ್' ಪ್ಯಾಕೇಜನ್ನು ಸೇರಿಸಿದೆವು. ನಮ್ಮ ಹಳೆಯ ಕಂಪ್ಯೂಟರ್ ಅದನ್ನು ಯಂತ್ರಭಾಷೆಗೆ ತಿರುಗಿಸುವಷ್ಟರಲ್ಲಿ ನಮ್ಮ ಚಹಾ ಮುಗಿದಿತ್ತು. ಎರಡನೆಯ ಗ್ರಾಫ್ ಥಟ್ಟನೆ ಮೂಡಿತು.

ಅಂಕಿಗಳ ಪಟ್ಟಿಗೆ ಮಗಳು ಕನ್ನಡದಲ್ಲೇ 'ಮಳೆ' ಎಂದು ಹೆಸರಿಟ್ಟಳು, ಜೂಲಿಯಾ ಒಪ್ಪಿತು. ಆದೇಶಗಳು ಇಂಗ್ಲಿಷಿನಲ್ಲೇ ಇವೆ, ನಿಜ. ಆದರೆ ಬಡ ಮಕ್ಕಳಿಗೆ ವಿಜ್ಞಾನ ದುಬಾರಿಯೆನ್ನುವವರಿಗೆ ಒಂದು ನೆಪ ಕಡಿಮೆಯಾಯಿತು. ಇನ್ನು ಶಾಲೆಗಳಲ್ಲಿ ಬೀಗ ಹಾಕಿಟ್ಟ ಕಂಪ್ಯೂಟರ್ ಕೋಣೆಗಳು ತೆರೆಯಬೇಕಷ್ಟೆ.