ಎರಡನೆಯ ಪ್ರತಿ

ನಮ್ಮ ಹಿರಿಯರ ಮನೆಗಳಲ್ಲಿ ಕಾಗದಪತ್ರಗಳಿಗೆಂದೇ ಒಂದು ಮರದ ಪೆಟ್ಟಿಗೆಯಿರುತ್ತಿದ್ದುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಜಮೀನಿನ ಪತ್ರ, ಜಾತಕಗಳು, ಹಳೆಯ ಲಗ್ನಪತ್ರಿಕೆ, ಎಲ್ಲವೂ ಅದರೊಳಗೆ. ಇಂದಿನ ಗೃಹಸ್ಥನ ಆಸ್ತಿಯೋ ಫೋನಿನಲ್ಲಿಷ್ಟು, ಲ್ಯಾಪ್‌ಟಾಪಿನಲ್ಲಿಷ್ಟು ಚದರಿಕೊಂಡಿರುವುದು. ಅದಕ್ಕೆ ಬೀಗವಿದೆ, ಪೆಟ್ಟಿಗೆಯಿಲ್ಲ.

ನಮ್ಮ ತಾಯಿಯವರು 2019ರಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು ನನ್ನ ತಂಗಿಯು ಅವರನ್ನು ಕೂರಿಸಿಕೊಂಡು, ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಹೀಗೆ ಮೂವತ್ತೊಂದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಆ ಫೋನು ಕೆಟ್ಟಮೇಲೆ ಹಾಡುಗಳು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಉಳಿದುವು. ಈಚೆಗೆ ಅದರ ಡಿಸ್ಕು ಟಕ್‌ಟಕ್ಕೆಂದು ಸದ್ದು ಮಾಡತೊಡಗಿತು. ಆದಕಾರಣ ಮನೆಯ ವೈಫೈ ರೂಟರಿಗೆ ಒಂದು ಡಿಸ್ಕಿನ ಪೆಟ್ಟಿಗೆಯನ್ನು ಸೇರಿಸಿ, ಮನೆಯ ಯಂತ್ರಗಳೆಲ್ಲ ಅದರಲ್ಲಿ ತಂತಮ್ಮ ನಕಲನ್ನು ಇಡುವಂತೆ ಮಾಡಲು ನಿಶ್ಚಯಿಸಿದೆನು. ಸಹಾಯಕ್ಕೆ ಅದೇ ತಂಗಿಯ ಮಗ ಬಂದನು.

ಸಂಪರ್ಕ ಕೊಡಲು ಬಂದಿದ್ದವನು ರೂಟರನ್ನು ಬಾಗಿಲ ಬಳಿ ಕಬ್ಬಿಣದ ಬೀರುವಿನ ಹಿಂದೆ ಸಿಕ್ಕಿಸಿಹೋಗಿದ್ದನು. ಲೋಹವು ಅಲೆಗಳನ್ನು ತಡೆಯುವುದು; ದಪ್ಪಗೋಡೆಯೂ ಅವುಗಳ ಬಲವನ್ನು ಕುಂದಿಸುವುದು. ರೂಟರಿನ ಎರಡು ಬಗೆಯ ಅಲೆಗಳಲ್ಲಿ 2.4 ಗಿಗಾಹರ್ಟ್ಸಿನದು ದೂರ ಹೋಗುವುದಾದರೂ ನಿಧಾನ. 5 ಗಿಗಾಹರ್ಟ್ಸಿನದು ವೇಗಿಯಾದರೂ ಗೋಡೆಗೆ ಹೆದರುವುದು. ತಂತಿಯನ್ನು ಉದ್ದಮಾಡಿ ಅದನ್ನು ನಡುಮನೆಯ ಎತ್ತರದ ಗೂಡಿನಲ್ಲಿರಿಸಿದೆವು. ಕಾರ್ಖಾನೆಯವರು ಇಟ್ಟ ಪಾಸ್‌ವರ್ಡನ್ನು ಬದಲಾಯಿಸಿದೆವು. ಇನ್ನು ವಿಳಾಸದ ವಿಚಾರ. ಛತ್ರದ ಪಾರುಪತ್ಯಗಾರನು ಬಂದವರಿಗೆ ಕೊಠಡಿ ಕೊಡುವಂತೆ ರೂಟರು ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸವನ್ನು ಕೊಡುವುದು. ಉಗ್ರಾಣದ ಕೊಠಡಿಯೇ ಆಗಾಗ ಬದಲಾದರೆ ಹುಡುಕುವವರ ಗತಿಯೇನು? ಆದ್ದರಿಂದ ಡಿಸ್ಕಿನ ಪೆಟ್ಟಿಗೆಗೆ ಒಂದು ಖಾಯಂ ವಿಳಾಸವನ್ನು ಗೊತ್ತುಮಾಡಿದೆವು.

ಮೊದಲ ನಕಲನ್ನು ತಂತಿಯ ಮೂಲಕವೇ ಮಾಡುವುದು ಜಾಣತನ. ಸೆಕೆಂಡಿಗೆ 100 ಮೆಗಾಬೈಟಿನಂತೆ ಹೋದರೆ 300 ಗಿಗಾಬೈಟು ಐವತ್ತು ನಿಮಿಷದ ಕೆಲಸ; ಗಾಳಿಯಲ್ಲಿ ಸೆಕೆಂಡಿಗೆ ಹತ್ತರಂತೆ ಸಾಗಿದರೆ ಎಂಟು ಗಂಟೆಗೂ ಮಿಕ್ಕುವುದು.

ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿದ್ದುವು. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲಿಯೂ ಮೂಡುವುದು. “ಇನ್ನೇನು ಮಾವ, ಎರಡು ಪ್ರತಿ ಆಯಿತಲ್ಲ!” ಎಂದನು ಹುಡುಗ.

“ಯಾರಾದರೂ ಕೈತಪ್ಪಿ ಅಜ್ಜಿಯ ಹಾಡನ್ನು ಅಳಿಸಿದರೋ?”

ಅವನು ಸುಮ್ಮನಾದನು. ಅಳಿಸಿದ್ದೂ ಎರಡು ಕಡೆಯಲ್ಲಿ ಒಟ್ಟಿಗೇ ಅಳಿಯುವುದು. ಕನ್ನಡಿಯಲ್ಲಿ ಕಾಣುವ ಮಾವಿನಹಣ್ಣನ್ನು ಎಣಿಸಿ ಎರಡು ಹಣ್ಣುಗಳಿವೆಯೆನ್ನಬಹುದೆ? ಒಂದು ಡಿಸ್ಕು ಸತ್ತರೆ ಕೆಲಸ ನಿಲ್ಲದಿರಲೆಂದು ಆ ಏರ್ಪಾಡು, ಅಷ್ಟೆ. ಆದುದರಿಂದ ಹಿಂದಿನ ದಿನಗಳ ಸ್ಥಿತಿಯನ್ನೂ ಬೇರೆಯಾಗಿ ಉಳಿಸಿಕೊಳ್ಳುವ ನಕಲನ್ನು ಪ್ರತಿರಾತ್ರಿಗೆ ಗೊತ್ತುಮಾಡಿದೆವು. ಇಷ್ಟಾದರೂ ಕಳ್ಳನೋ ಬೆಂಕಿಯೋ ಮನೆಗೆ ಹೊಕ್ಕರೆ ಎಲ್ಲವೂ ಒಟ್ಟಿಗೇ ಹೋಗುವುದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಬೇರೆ ಸ್ಥಳದಲ್ಲಿ, ಎಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಇದೇನೂ ಹೊಸ ವಿವೇಕವಲ್ಲ. ಕಳೆದುಹೋಯಿತೆಂದು ವಿದ್ವಾಂಸರು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದರು. ಓಲೆಗರಿಯು ಅಷ್ಟು ಕಾಲ ಬಾಳುವ ವಸ್ತುವಲ್ಲ. ಹಳೆಯದು ಜೀರ್ಣವಾಗುವ ಮುನ್ನ ಹೊಸ ಗರಿಗೆ ಎತ್ತಿ ಬರೆದ ಹೆಸರಿಲ್ಲದ ಲಿಪಿಕಾರರ ಪುಣ್ಯದಿಂದಲೇ ಅದು ನಮ್ಮವರೆಗೆ ಬಂದಿತು. ಯಂತ್ರವನ್ನಂತೂ ನೆಚ್ಚುವಂತೆಯೇ ಇಲ್ಲ: ರೂಟರಿನೊಳಗೇ ಡಿಸ್ಕನ್ನಿಟ್ಟ ಟೈಮ್ ಕ್ಯಾಪ್ಸೂಲನ್ನು ಆಪಲ್ ಸಂಸ್ಥೆಯವರು 2008ರಲ್ಲಿ ಹೊರತಂದರು, 2018ರಲ್ಲಿ ನಿಲ್ಲಿಸಿಯೂಬಿಟ್ಟರು.

ಮೂರನೆಯ ಪ್ರತಿಯನ್ನು ಅಂಗೈಯಗಲದ ಡಿಸ್ಕಿನಲ್ಲಿ ತುಂಬಿಸಿ ಶಿವಮೊಗ್ಗದ ತಂಗಿಯ ಮನೆಗೆ ನಾನೇ ಒಯ್ದೆನು. ನಕಲು ತೆರೆಯುವುದೋ ಇಲ್ಲವೋ ನೋಡದೆ ಬರಬಾರದಷ್ಟೆ. ಒಂಬತ್ತನೆಯ ಹಾಡನ್ನು ಹಾಕಿದೆವು. ನಡುವೆ ಅಮ್ಮ ಹಾಡು ನಿಲ್ಲಿಸಿ, “ಹಾಲು ಉಕ್ಕೀತು ನೋಡೇ” ಎನ್ನುತ್ತಾರೆ, ಪಾತ್ರೆಯ ಸದ್ದು, ಮತ್ತೆ ಹಾಡು.

“ಆ ತುಂಡನ್ನು ಕತ್ತರಿಸಿ ಸರಿಮಾಡಿಕೊಡಲೇ ಅಮ್ಮ?” ಎಂದು ಹುಡುಗ ಕೇಳಿದನು.

ತಂಗಿಯು ಡಿಸ್ಕನ್ನು ಅವನ ಕೈಯಿಂದ ತೆಗೆದುಕೊಂಡು, ಸೀರೆಗಳ ನಡುವೆ ಇಟ್ಟು ಬೀರುವಿಗೆ ಬೀಗ ಹಾಕಿದಳು.